ವಾಪಸ್ಸಿಲ್ಲ ಮತ್ತು ಮೂರು ಸಲ ವಾಪಸು ಬಂದ ಹಾರ್ನು

ಅವನು ಕೂತಲ್ಲಿ ಕೂರುವ ಆಸಾಮಿಯಲ್ಲ. ಗ್ಯಾರೇಜು ಅಂದರೆ ಮೂರು ಕಡೆ ತಗಡು, ಒಂದು ಕಡೆ ರಸ್ತೆ. ಅಷ್ಟಗಲ ಜಾಗದಲ್ಲೇ ಬೆಳಗಿನಿಂದ ಸಂಜೆವರೆಗೆ ಸುತ್ತುತ್ತಾನೆ. ತಂತಿಯ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿಯುತ್ತಾನೆ, ಸುಲಿದದ್ದನ್ನು ಉಗಿಯದೆ ಅಗಿಯುತ್ತಾನೆ. ಗಾಡಿ ಬಂದು ನಿಲ್ಲುವ ಮೊದಲೇ ಬಾನೆಟ್ಟಿಗೆ ಕೈ ಹಾಕಿರುತ್ತಾನೆ.

ಕೆಲಸ ಆಟೋ ಎಲೆಕ್ಟ್ರಿಷಿಯನ್ನು. ಹೆಸರು ಮಾಡಿದ್ದು ಮಾತ್ರ ಏರ್ ಹಾರ್ನಿನಲ್ಲಿ. ಪಿಕಪ್ ಗಾಡಿಯ ಮುಂದಿನ ಬಂಪರಿನ ಹಿಂದೆ ಮೊಳದುದ್ದದ ಎರಡು ತುತ್ತೂರಿ, ಅವಕ್ಕೆ ಗಾಳಿ ಊದುವ ಮುಷ್ಟಿಗಾತ್ರದ ಕಂಪ್ರೆಸರ್, ನಡುವೆ ಒಂದು ಪೈಪು. ಗುಂಡಿ ಒತ್ತಿದರೆ ಎದುರಿಗಿದ್ದವನ ಹೊಟ್ಟೆಯೊಳಗಿನ ಊಟ ಅಲುಗಬೇಕು. ಇಷ್ಟು ಸದ್ದಿಗೆ ಕಾನೂನಿನ ಒಪ್ಪಿಗೆ ಇಲ್ಲವೆಂದು ಅವನಿಗೂ ಗೊತ್ತು, ಹಾಕಿಸಿಕೊಳ್ಳುವವರಿಗೂ ಗೊತ್ತು, ಹಿಡಿಯಬೇಕಾದವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರ ಜೀಪಿನ ಹಾರ್ನು ಕೆಟ್ಟಾಗ ಅವರೂ ಇಲ್ಲಿಗೇ ಬರುತ್ತಾರೆ.

ಇಪ್ಪತ್ತೆರಡು ವರ್ಷದಲ್ಲಿ ಅವನು ಕೂರಿಸಿದ ಒಂದು ಹಾರ್ನೂ ರಿಪೇರಿಗೆಂದು ವಾಪಸು ಬಂದಿರಲಿಲ್ಲ. ಗಾಡಿ ಹೊರಡುವಾಗ ಬಾಗಿಲು ತಟ್ಟಿ "ಇದು ವಾಪಸ್ ಬರಲ್ಲ, ಹೋಗು" ಅನ್ನುವುದು ಅವನ ರೂಢಿ. ಹಾಗಾಗಿ ಊರು ಇಟ್ಟ ಹೆಸರು ವಾಪಸ್ಸಿಲ್ಲ. ಹೆಂಡತಿಯ ಅಣ್ಣಂದಿರೂ ವಾಪಸ್ಸಿಲ್ಲ ಭಾವ ಎಂದೇ ಕರೆಯುತ್ತಾರೆ.

ಹೆಂಡತಿಗೆ ಮಾತ್ರ ಈ ಕೀರ್ತಿಯ ಮೇಲೆ ಅಷ್ಟು ಗೌರವವಿಲ್ಲ. "ಊರಿನ ಕಿವಿಗೆಲ್ಲ ಬೆಂಕಿ ಇಟ್ಟು ಬರ್ತೀರಿ, ಮನೇಲಿ ಮಿಕ್ಸಿ ತಿರುಗಿಸಿದ್ರೆ ತಲೆ ನೋವು ಅಂತೀರಿ" ಅನ್ನುತ್ತಾಳೆ. ಅವನು ಅವಳ ಉಗುರುಬಣ್ಣದ ಶೀಶೆ ಎತ್ತಿಕೊಂಡು ಹೊರಡುತ್ತಾನೆ. "ಆ ಕೆಂಪು ಬಣ್ಣ ನನ್ನ ಉಗುರು ಕಂಡಿದ್ದು ಮದುವೆ ಆದ ವರ್ಷ ಒಂದೇ" ಎಂಬ ಮಾತು ಬೆನ್ನಿಗೆ ಬೀಳುತ್ತದೆ.

ಉಗುರುಬಣ್ಣ ಅವನ ಕೆಲಸದ ಮುದ್ರೆ. ಸ್ಕ್ರೂ ಬಿಗಿದ ಮೇಲೆ ಸ್ಕ್ರೂವಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದು ಕೆಂಪು ಗೆರೆ ಎಳೆಯುತ್ತಾನೆ. ಗೆರೆ ನೆಟ್ಟಗಿದ್ದರೆ ಸ್ಕ್ರೂ ಅಲುಗಿಲ್ಲ. ತುಂಡಾಗಿ ಆಚೀಚೆ ಸರಿದಿದ್ದರೆ ಯಾರೋ ತಿರುಗಿಸಿದ್ದಾರೆ. ತಾನು ಬಿಗಿದದ್ದು ತಾನಾಗಿ ಸಡಿಲವಾಗುವುದಿಲ್ಲ ಎಂಬ ಜಂಬವೂ ಅದರಲ್ಲಿತ್ತು, ಆ ಜಂಬಕ್ಕೆ ಕಾರಣವೂ ಇತ್ತು.

ತರಕಾರಿ ಮಂಡಿಯ ಯಜಮಾನನ ಬಳಿ ಆರು ಪಿಕಪ್ಪುಗಳು. ಆರಕ್ಕೂ ಒಂದೇ ವಾರದಲ್ಲಿ ಏರ್ ಹಾರ್ನು ಕೂರಿಸುವ ಕೆಲಸ ವಾಪಸ್ಸಿಲ್ಲನಿಗೆ ಬಂತು. ಯಜಮಾನನ ಅಪ್ಪಣೆ ಸ್ಪಷ್ಟ: "ಕಂಪನಿ ಕೊಟ್ಟ ಆ ಗುಬ್ಬಿ ಹಾರ್ನ್ ಕಿತ್ತು ಬಿಸಾಕು. ನನ್ನ ಗಾಡಿ ಬಂದ್ರೆ ರಸ್ತೆ ತಾನಾಗೇ ಖಾಲಿ ಆಗ್ಬೇಕು." ಗುಬ್ಬಿ ಹಾರ್ನುಗಳನ್ನು ಕಿತ್ತದ್ದೂ ಆಯಿತು, ತುತ್ತೂರಿಗಳನ್ನು ಕೂರಿಸಿದ್ದೂ ಆಯಿತು. ನಮ್ಮಲ್ಲಿ ರಸ್ತೆ ಯಾರದ್ದು ಎಂದು ಯಾರೂ ಕೇಳುವುದಿಲ್ಲ. ದನಿ ದೊಡ್ಡದಿದ್ದವನಿಗೆ ನಡುರಸ್ತೆ, ಇಲ್ಲದವನಿಗೆ ಚರಂಡಿಯ ಅಂಚು. ಇದನ್ನು ಯಾರೂ ಅನ್ಯಾಯ ಅನ್ನುವುದಿಲ್ಲ, ಟ್ರಾಫಿಕ್ಕು ಅನ್ನುತ್ತೇವೆ.

ಐದು ಗಾಡಿಗಳು ಹೋದವು, ತಮ್ಮ ಪಾಡಿಗೆ ಕಿರುಚಿಕೊಂಡಿದ್ದವು. ಆರನೆಯದು ನಾಲ್ಕನೆಯ ದಿನಕ್ಕೇ ವಾಪಸು ಬಂತು.

ಅದರ ಡ್ರೈವರು ಐವತ್ತರ ಆಸುಪಾಸಿನ ಮಿತಭಾಷಿ. "ಸದ್ದೇ ಇಲ್ಲ ಅಣ್ಣ. ನಿನ್ನೆ ಸಂಜೆ ಮಂಡಿ ಗೇಟ್ ಹತ್ರ ಒತ್ತಿದ್ರೆ ಏನೂ ಇಲ್ಲ. ಯಜಮಾನ್ರು ಬೈದ್ರು" ಎಂದ. ಗೇಟು ತೆಗೆಯಬೇಕಾದರೆ ಹಾರ್ನು ಒತ್ತಬೇಕು, ಒಳಗೆ ಕೂತ ಯಜಮಾನ ಕೇಳಿಸಿಕೊಳ್ಳಬೇಕು. ಅಲ್ಲಿಯ ಹಾಜರಿ ಪುಸ್ತಕ ಅದೇ.

ವಾಪಸ್ಸಿಲ್ಲನ ಮುಖ ಕಪ್ಪಿಟ್ಟಿತು. ನೋಡಿದರೆ ಫ್ಯೂಸು ಸುಟ್ಟಿತ್ತು. ಹೊಸದು ಹಾಕಿ ಒತ್ತಿದ. ಎದುರು ಅಂಗಡಿಯ ತಗಡು ಅದುರಿತು. "ಹೋಗು" ಎಂದ. ಮಿಕ್ಕ ಮಾತು ಹೇಳಲಿಲ್ಲ.

ಮುಂದಿನ ವಾರ ಮತ್ತೆ ಬಂತು. ಈ ಸಲ ಫ್ಯೂಸು ಸರಿಯಿತ್ತು. ಕಂಪ್ರೆಸರಿಗೆ ಕರೆಂಟು ದಾಟಿಸುವ ರಿಲೇ ಎಂಬ ಡಬ್ಬಿಯಿಂದ ಒಂದು ತಂತಿ ಕಳಚಿ ನೇತಾಡುತ್ತಿತ್ತು. ತಾನು ಕಚ್ಚಿಸಿದ ತಂತಿ, ತನ್ನ ಇಕ್ಕಳ. ಅದನ್ನು ಬೆಸುಗೆ ಹಾಕಿ, ಟೇಪು ಸುತ್ತಿ, ಮೇಲೆ ಇನ್ನೊಂದು ಟೇಪು ಸುತ್ತಿದ. ಆ ಇಡೀ ದಿನ ಬೇರೆ ಗಾಡಿಗಳವರಿಗೆಲ್ಲ ಬೈದ. ಊಟಕ್ಕೆ ಕೂತವನು ಬೆರಳಲ್ಲೇ ತಟ್ಟೆಯ ಮೇಲೆ ತಂತಿಯ ನಕ್ಷೆ ಬರೆದು ಅರ್ಧಕ್ಕೇ ಎದ್ದ.

"ಅನ್ನ ಅರ್ಧಕ್ಕೇ ಬಿಟ್ಟು ಎಲ್ಲಿಗೆ ಹೊರಟ್ರಿ?"

"ಎಲ್ಲೋ ತಪ್ಪಿದ್ದೀನಿ ಕಣೆ."

"ಒಂದು ಹಾರ್ನ್ ತಾನೇ. ಕೂಗದಿದ್ರೆ ಊರಿಗೇ ಒಳ್ಳೇದು."

"ನಿನಗೆ ಅರ್ಥ ಆಗಲ್ಲ ಬಿಡು."

"ಹೌದೌದು. ನನ್ನ ಉಗುರುಬಣ್ಣಕ್ಕೆ ಅರ್ಥ ಆಗುತ್ತೆ."

ಮೂರನೆಯ ಸಲ ಗಾಡಿ ಬಂದಾಗ ಯಜಮಾನನ ಎಚ್ಚರಿಕೆಯೂ ಜೊತೆಗೇ ಬಂತು. ಡ್ರೈವರು ನೆಲ ನೋಡುತ್ತ ಒಪ್ಪಿಸಿದ: "ಇನ್ನೊಂದ್ಸಲ ಹೀಗಾದ್ರೆ ಆರೂ ಗಾಡಿ ಮೇಲ್ಗಡೆ ಶೆಡ್ಡಿಗೆ ಕಳಿಸ್ತಾರಂತೆ." ಮೇಲ್ಗಡೆ ಶೆಡ್ಡಿನವನು ವಾಪಸ್ಸಿಲ್ಲನ ಹಳೆಯ ಶಿಷ್ಯ. ಹನ್ನೊಂದು ವರ್ಷ ಇಲ್ಲೇ ಕಲಿತು, ಈಗ ಇಲ್ಲಿಂದ ಮುನ್ನೂರು ಹೆಜ್ಜೆ ದೂರದಲ್ಲಿ ಸ್ವಂತ ಬೋರ್ಡು ಹಾಕಿದ್ದಾನೆ.

ವಾಪಸ್ಸಿಲ್ಲ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರಿದ. ಫ್ಯೂಸು ಸರಿ, ರಿಲೇ ಸರಿ, ಪೈಪಿನಲ್ಲಿ ತೂತಿಲ್ಲ. ಉಳಿದದ್ದು ಅರ್ತ್ ತಂತಿ, ಅಂದರೆ ಕರೆಂಟು ಗಾಡಿಯ ಚೌಕಟ್ಟಿನ ಮೂಲಕ ಬ್ಯಾಟರಿಗೆ ಮರಳುವ ದಾರಿ. ಅದರ ಸ್ಕ್ರೂ ಸಡಿಲವಾಗಿತ್ತು. ಕೆಂಪು ಗೆರೆ ತುಂಡಾಗಿತ್ತು. ಅಷ್ಟೇ ಅಲ್ಲ, ಸ್ಕ್ರೂವಿನ ತಲೆಯ ಸೀಳಿನಲ್ಲಿ ಹೊಸ ಗೀರು ಮಿನುಗುತ್ತಿತ್ತು. ರಸ್ತೆಯ ಹಳ್ಳಗಳು ಸ್ಕ್ರೂಡ್ರೈವರು ಹಿಡಿದು ಬರುವುದಿಲ್ಲ.

ಅವನು ಹೊರಗೆ ತೂರಿ ಬಂದು ಗಾಡಿಯನ್ನು ಒಂದು ಸುತ್ತು ಹಾಕಿದ. ಮೈಯೆಲ್ಲ ಧೂಳು ಮೆತ್ತಿದ್ದ ಗಾಡಿ. ಡ್ರೈವರಿನ ಬಾಗಿಲಿನ ಹೊರಮೈಯಲ್ಲಿ, ಕಿಟಕಿಯ ಕೆಳಗೆ, ಅಂಗೈಯಗಲ ಜಾಗ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಗಡು ಕೊಂಚ ತಗ್ಗಿತ್ತು ಕೂಡ. ಯಾರೋ ದಿನಕ್ಕೆ ನೂರು ಸಲ ಅಲ್ಲಿ ಕೈಯಿಂದ ಬಡಿಯುತ್ತಿದ್ದಾರೆ.

"ನಿನ್ನ ಬಲಗೈ ತೋರಿಸು."

ಡ್ರೈವರು ತೋರಿಸಲಿಲ್ಲ. ಅದೇ ಉತ್ತರವಾಯಿತು.

"ಫ್ಯೂಸ್ ಸುಟ್ಟಿದ್ದು, ತಂತಿ ಕಿತ್ತಿದ್ದು, ಸ್ಕ್ರೂ ಬಿಚ್ಚಿದ್ದು ಎಲ್ಲಾ ನೀನೇ. ಹಾರ್ನ್ ಸಾಯಿಸಿ, ಬಾಗಿಲು ಬಡಿದುಕೊಂಡು ಗಾಡಿ ಓಡಿಸ್ತಿದ್ದೀಯ."

"ಹೌದು ಅಣ್ಣ."

"ನಾನೇನು ಮಾಡಿದ್ದೆ ನಿನಗೆ? ಊಟ ಸೇರ್ತಿಲ್ಲ ಕಣಯ್ಯ ನನಗೆ. ಬೇಡ ಅಂದ್ರೆ ಒತ್ತಬೇಡ. ಗುಂಡಿ ಏನು ನಿನ್ನ ಕೈ ಹಿಡಿದು ಎಳೆಯುತ್ತಾ?"

"ಎಳೆಯುತ್ತೆ ಅಣ್ಣ" ಎಂದ ಡ್ರೈವರು. "ಇದ್ರೆ ಕೈ ಸುಮ್ನಿರಲ್ಲ. ಹಾಕಿಸಿದ ಮೂರನೇ ದಿನ, ಮಾರ್ಕೆಟ್ ತಿರುವಲ್ಲಿ ಒಬ್ಬ ಮುದುಕ ಸೈಕಲ್ ಮೇಲೆ ಹೋಗ್ತಿದ್ದ. ಹಿಂದೆ ಬಕೆಟ್ ಕಟ್ಕೊಂಡಿದ್ದ. ಅವನದ್ದೇನೂ ತಪ್ಪಿಲ್ಲ, ಅಂಚಲ್ಲೇ ಇದ್ದ. ನನಗೆ ಅವಸರ. ಒತ್ತಿದೆ. ಸೈಕಲ್ ಸಮೇತ ಬಿದ್ದ."

"ಸತ್ತನಾ?"

"ಇಲ್ಲ. ಮೊಣಕೈ ತರಚಿತ್ತು. ಇಳಿದು ಓಡಿದೆ. ಅವನು ನೆಲದಲ್ಲಿ ಕೂತ್ಕೊಂಡೇ ಕೈ ಮುಗಿದ. ತಪ್ಪಾಯ್ತು ಸಾರ್, ಸೈಡ್ ಕೊಡ್ಬೇಕಿತ್ತು ಅಂದ. ಬಿದ್ದವನು ಅವನು, ಬೀಳಿಸಿದವನು ನಾನು. ನನ್ನ ಅಪ್ಪನ ವಯಸ್ಸು." ಮತ್ತೆ ಸೇರಿಸಿದ: "ಬೈದಿದ್ರೆ ಮರೆತು ಬಿಡ್ತಿದ್ದೆ."

ಈ ಮಾತನ್ನು ಓದುವವರು ಒಂದು ಸಲ ನಿಲ್ಲಬೇಕು. ಬಿದ್ದವನಿಂದಲೇ ಕ್ಷಮೆ ಕೇಳಿಸುವಷ್ಟು ಸದ್ದನ್ನು ನಾವು ರಸ್ತೆಗೆ ತಂದಿದ್ದೇವೆ. ಅದನ್ನು ಕೂರಿಸಿದವನು ಬಾಗಿಲು ತಟ್ಟಿ ಹೆಮ್ಮೆಯಿಂದ ಕಳಿಸಿದ್ದಾನೆ.

ವಾಪಸ್ಸಿಲ್ಲನಿಗೆ ಆಗ ಮರುಕ ಹುಟ್ಟಿತು ಎಂದು ಬರೆಯಬಹುದಿತ್ತು. ಹುಟ್ಟಲಿಲ್ಲ. ಅವನಿಗೆ ಹುಟ್ಟಿದ್ದು ಸಿಟ್ಟು. "ನಿನ್ನ ಪಾಪಕ್ಕೆ ನನ್ನ ಹೆಸರು ಯಾಕೆ ಕೆಡಿಸ್ತೀಯ? ಯಜಮಾನನಿಗೆ ಹೇಳಿ ಬಿಡಿಸ್ಕೋ."

"ಹೇಳಿದ್ರೆ ನನ್ನನ್ನೇ ಬಿಡಿಸ್ತಾರೆ. ಹಾರ್ನ್ ಒತ್ತೋಕೆ ಹೆದರೋನು ಡ್ರೈವರಾ ಅಂತಾರೆ. ಈ ವಯಸ್ಸಲ್ಲಿ ಇನ್ಯಾರು ಗಾಡಿ ಕೊಡ್ತಾರೆ ಅಣ್ಣ?"

"ಹಾರ್ನೇ ಇಲ್ದೆ ಓಡಿಸ್ತಿದ್ದೀಯಲ್ಲ, ನಾಳೆ ಯಾರಾದ್ರೂ ನಿಜವಾಗಿ ಸತ್ರೆ?"

ಡ್ರೈವರು ಬಾಗಿಲಿನ ತಗ್ಗನ್ನು ಹೆಬ್ಬೆರಳಿನಿಂದ ಉಜ್ಜಿದ. ವಾಪಸ್ಸಿಲ್ಲ ಸ್ಕ್ರೂ ಬಿಗಿದ, ಗೆರೆ ಎಳೆದ. "ಇನ್ನೊಂದ್ಸಲ ಇದು ಮುರಿದ್ರೆ ನಾನೇ ಹೇಳ್ತೀನಿ" ಎಂದ.

ಆದರೆ ಯಜಮಾನ ಇನ್ನೊಂದು ಸಲಕ್ಕೆ ಕಾಯಲಿಲ್ಲ. ಮೂರು ಸಲ ಬಂದದ್ದೇ ಸಾಕೆಂದು ಮರುದಿನವೇ ಆ ಗಾಡಿಯನ್ನು ಶಿಷ್ಯನ ಶೆಡ್ಡಿಗೆ ಕಳಿಸಿದ. ಶಿಷ್ಯ ಹಳೆಯ ತಂತಿಯನ್ನೆಲ್ಲ ಕಿತ್ತು ಹೊಸದಾಗಿ ಎಳೆದ. ಸುದ್ದಿ ವಾಪಸ್ಸಿಲ್ಲನ ಗ್ಯಾರೇಜಿಗೆ ಬರಲು ಮುನ್ನೂರು ಹೆಜ್ಜೆಯೂ ಬೇಕಾಗಲಿಲ್ಲ. ಬ್ಯಾಟರಿ ಅಂಗಡಿಯವನು ಬಂದು, "ಏನ್ ವಾಪಸ್ಸಿಲ್ಲ, ಬೋರ್ಡು ಬದಲಾಯಿಸ್ತೀಯಾ, ವಾಪಸ್ ಉಂಟು ಅಂತ?" ಎಂದು ಕೇಳಿಹೋದ. ಇವನು ಆ ದಿನ ಎರಡು ಗಾಡಿಗಳಿಗೆ ಹೆಡ್‌ಲೈಟು ಉಲ್ಟಾ ಜೋಡಿಸಿದ.

ಐದನೆಯ ದಿನ ಬೆಳಗ್ಗೆ ಫೋನು ಬಂತು. ಯಜಮಾನನದ್ದು. "ಮೇಲಿನ ಶೆಡ್ಡಿಗೆ ಬಾ. ಈಗಲೇ."

ಅಲ್ಲಿ ಗಾಡಿಯನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಯಜಮಾನ ಕುರ್ಚಿಯಲ್ಲಿ, ಶಿಷ್ಯ ಟಾರ್ಚು ಹಿಡಿದು, ಡ್ರೈವರು ಗೋಡೆಗೆ ಒರಗಿ. ಸುತ್ತ ಹತ್ತು ಹನ್ನೆರಡು ಜನ, ಕೆಲಸವಿದ್ದವರೂ ಇಲ್ಲದವರೂ.

"ಬನ್ನಿ ಗುರುಗಳೇ" ಎಂದ ಶಿಷ್ಯ. ಅವನ ದನಿಯಲ್ಲಿ ಗೆಲುವಿರಲಿಲ್ಲ, ಸಂಕಟವಿತ್ತು. "ನನ್ನದೂ ಸತ್ತು ಹೋಯ್ತು. ನೀವೇ ನೋಡಿ. ಸ್ಕ್ರೂ ಬಿಗಿದು ನೀವು ಕಲಿಸಿದ ಹಾಗೇ ಗೆರೆ ಎಳೆದಿದ್ದೆ. ಗೆರೆ ಮುರಿದಿದೆ. ಯಾರೋ ಕೈ ಆಡಿಸಿದ್ದಾರೆ. ನಿಮ್ಮ ಕೆಲಸಾನೂ ಹಾಳು ಮಾಡಿದ್ದು ಅವರೇ. ಯಜಮಾನ್ರು ನಂಬ್ತಿಲ್ಲ, ನಿಮ್ಮ ಬಾಯಿಂದ ಬರ್ಲಿ ಅಂದ್ರು."

ಯಜಮಾನ ಡ್ರೈವರಿನ ಕಡೆ ನೋಡದೆಯೇ ಹೇಳಿದ: "ಈ ಗಾಡಿ ಕೀಲಿ ಇರೋದು ಒಬ್ಬನ ಹತ್ರ. ಯಾರೋ ಮುಟ್ಟಿದ್ದಾರೆ ಅಂತ ನೀನು ಹೇಳಿದ್ರೆ ಅವನು ಇವತ್ತೇ ಮನೆಗೆ. ಹೇಳು."

ಇಪ್ಪತ್ತೆರಡು ವರ್ಷದ ಹೆಸರನ್ನು ತಟ್ಟೆಯಲ್ಲಿಟ್ಟು ವಾಪಸು ಕೊಡಲು ನಿಂತಿದ್ದರು. ಮಾಡಬೇಕಾದ್ದು ನಿಜ ಹೇಳುವುದು, ಅಷ್ಟೇ. ನಿಜ ಹೇಳುವುದು ಅಷ್ಟು ಸುಲಭವಾದಾಗ ಅದರ ಬೆಲೆ ಯಾರು ತೆರುತ್ತಾರೆ ಎಂದು ನೋಡಬೇಕಾಗುತ್ತದೆ.

ವಾಪಸ್ಸಿಲ್ಲ ಟಾರ್ಚು ಇಸಿದುಕೊಂಡು ಕೆಳಗೆ ತೂರಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಅವನ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು, ಒಂದು ಕಾಲು ನಿಲ್ಲದೆ ಅಲ್ಲಾಡುತ್ತಿತ್ತು.

ಎದ್ದು ಬಂದು ಕೈ ಒರೆಸಿಕೊಂಡ. "ಯಾರೂ ಮುಟ್ಟಿಲ್ಲ ಸಾರ್."

"ಗುರುಗಳೇ" ಎಂದ ಶಿಷ್ಯ.

"ಅರ್ತ್ ಹಿಡಿಯೋ ಜಾಗದಲ್ಲಿ ಬಣ್ಣದ ಕೆಳಗೆ ತುಕ್ಕಿದೆ. ಕಂಪ್ರೆಸರ್ ಅದುರಿದಾಗೆಲ್ಲ ಸ್ಕ್ರೂ ತಿರುಗುತ್ತೆ. ಈ ಗಾಡಿಗೆ ಅದು ನಿಲ್ಲಲ್ಲ. ನಾನು ಮೊದಲೇ ನೋಡ್ಬೇಕಿತ್ತು. ನೋಡ್ಲಿಲ್ಲ."

"ಗೆರೆ?" ಶಿಷ್ಯ ಕೇಳಿದ. "ಹನ್ನೊಂದು ವರ್ಷ ನನಗೆ ಹೇಳಿಕೊಟ್ರಲ್ಲ, ಗೆರೆ ಸುಳ್ಳು ಹೇಳಲ್ಲ ಅಂತ."

"ಉಗುರುಬಣ್ಣ ಕಣೋ ಅದು. ನನ್ನ ಹೆಂಡತಿದು. ದೇವರ ವಾಕ್ಯ ಅಲ್ಲ."

ಒಬ್ಬಿಬ್ಬರು ನಕ್ಕರು. ಯಜಮಾನ ನಗಲಿಲ್ಲ. "ಹಾಗಾದ್ರೆ ಇಷ್ಟು ದಿನ ಇಬ್ಬರೂ ಸೇರಿ ನನ್ನ ಗಾಡಿ ಮೇಲೆ ಕಲೀತಿದ್ರಿ" ಎಂದ. "ಈಗೇನು ಮಾಡೋದು?"

"ಕಂಪನಿ ಹಾರ್ನೇ ಹಾಕಿ. ಅದೊಂದೇ ನಿಲ್ಲೋದು. ನನ್ನ ಕೈಲಿ ಇದು ಆಗಲ್ಲ." ಈ ಕೊನೆಯ ಮಾತನ್ನು ಅವನು ಹಿಂದೆ ಎಂದೂ ಆಡಿರಲಿಲ್ಲ. ಬಾಯಿಗೆ ಅಭ್ಯಾಸವಿಲ್ಲದ ಮಾತಾದ್ದರಿಂದ ಕೊಂಚ ಜೋರಾಗಿಯೇ ಬಂತು.

ಸಣ್ಣ ಹಾರ್ನು ಕೂರಿಸಿದ್ದು ಬೇರೆ ಯಾರೋ. ಯಜಮಾನ ಉಳಿದ ಐದು ಗಾಡಿಗಳನ್ನು ಇವನ ಬಳಿಗೂ ಕಳಿಸಲಿಲ್ಲ, ಶಿಷ್ಯನ ಬಳಿಗೂ ಕಳಿಸಲಿಲ್ಲ. ಆ ಐದು ಇಂದಿಗೂ ಅದೇ ಮಾರ್ಕೆಟ್ ತಿರುವಿನಲ್ಲಿ ಜನರನ್ನು ಅಂಚಿಗೆ ಹಾರಿಸುತ್ತಿವೆ. ಅವುಗಳ ಒಂದೊಂದು ಸ್ಕ್ರೂ ವಾಪಸ್ಸಿಲ್ಲನದ್ದೇ, ಒಂದೂ ಸಡಿಲವಾಗಿಲ್ಲ. ಒಬ್ಬ ಡ್ರೈವರನ್ನು ಉಳಿಸಿದ್ದಕ್ಕೆ ಅವನಿಗೆ ಹಾರ ಹಾಕುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವನೇ ಹಿಡಿದಿದ್ದಾನೆ. ದೂರದಲ್ಲಿ ಅವು ಕೂಗಿದರೆ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಎದ್ದು ಹೋಗಿ ರಸ್ತೆ ನೋಡುತ್ತಾನೆ, ಮತ್ತೆ ಬಂದು ಕೂರುತ್ತಾನೆ, ಮತ್ತೆ ಏಳುತ್ತಾನೆ.

ಡ್ರೈವರು ಒಂದು ಮಧ್ಯಾಹ್ನ ಗಾಡಿ ನಿಲ್ಲಿಸಿ ಇಳಿಯಲು ಹೊರಟಾಗ, "ಇಳೀಬೇಡ, ಹೋಗು. ಇಲ್ಲಿ ನಿನ್ನ ಗಾಡಿ ಕಂಡ್ರೆ ಜನ ಕತೆ ಕಟ್ತಾರೆ" ಎಂದು ಕಳಿಸಿದ.

ವಾಪಸ್ಸಿಲ್ಲನನ್ನು ನಿಜಕ್ಕೂ ಕೊರೆದದ್ದು ಶಿಷ್ಯನ ವಿಚಾರ. ಒಂದು ಸುಳ್ಳಿಗೆ ತನ್ನ ಹೆಸರು ಹೋಗಲಿ, ಅದು ತನ್ನದು. ಶಿಷ್ಯನ ಹೆಸರನ್ನು ಕೊಡಲು ತಾನ್ಯಾರು? ಹತ್ತು ದಿನ ತಡೆದು, ಹನ್ನೊಂದನೆಯ ದಿನ ಮುನ್ನೂರು ಹೆಜ್ಜೆ ನಡೆದು ಮೇಲಿನ ಶೆಡ್ಡಿಗೆ ಹೋದ. ಶಿಷ್ಯ ಡೈನಮೋ ಬಿಚ್ಚುತ್ತಿದ್ದ, ತಲೆ ಎತ್ತಲಿಲ್ಲ.

"ನಿನ್ನ ಕೆಲಸ ಸರಿ ಇತ್ತು" ಎಂದ ವಾಪಸ್ಸಿಲ್ಲ.

"ಗೊತ್ತು."

"ತುಕ್ಕೂ ಇರ್ಲಿಲ್ಲ."

"ಅದೂ ಗೊತ್ತು. ಆ ಜಾಗ ಉಜ್ಜಿದ್ದು ನಾನೇ." ಶಿಷ್ಯ ಈಗ ತಲೆ ಎತ್ತಿದ. "ಯಾಕೆ ಅಂತ ಹೇಳ್ತೀರಾ?"

ವಾಪಸ್ಸಿಲ್ಲ ಅಗಿಯುತ್ತಿದ್ದ ತಂತಿಯ ಸಿಪ್ಪೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. ಹೇಳಿದರೆ ಡ್ರೈವರಿನ ಕೆಲಸ ಮೂರನೆಯವನ ನಾಲಿಗೆಯ ಮೇಲೆ ನಿಲ್ಲುತ್ತದೆ. ಹೇಳದಿದ್ದರೆ ಇವನು ಹೀಗೇ ನೋಡುತ್ತಿರುತ್ತಾನೆ.

"ಹೇಳಲ್ಲ" ಎಂದ.

ಶಿಷ್ಯ ಮತ್ತೆ ಡೈನಮೋದ ಮೇಲೆ ಬಗ್ಗಿದ. ವಾಪಸ್ಸಿಲ್ಲ ಹೋಗಲೂ ಇಲ್ಲ, ಕೂರಲೂ ಇಲ್ಲ. ಶೆಡ್ಡಿನ ಈ ಕಂಬದಿಂದ ಆ ಕಂಬದವರೆಗೆ ಸುತ್ತತೊಡಗಿದ.