ಹುಣಸೆಹಣ್ಣು ಹಾಕಿ ಬೆಳಗಿದ ಡಿಶ್

ನಾನು ಚಿಕ್ಕವನಿದ್ದಾಗ, ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗ ನನ್ನ ಓದು ನಿಂತಿತು. ಏಳನೇ ತರಗತಿಯ ಪರೀಕ್ಷೆಗೂ ಕೂರಲಿಲ್ಲ. ಯಾಕೆ ತಾತ ಎಂದು ನೀವು ಕೇಳಿದಾಗಲೆಲ್ಲ, ತಲೆಗೆ ಹತ್ತಲಿಲ್ಲ ಕಣ್ರೋ ಎಂದು ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಲೆಕ್ಕದಲ್ಲಿ ಇಡೀ ತರಗತಿಗೆ ನಾನೇ ಮುಂದಿದ್ದೆ. ನಿಜವಾಗಿ ಏನಾಯಿತು ಅನ್ನುವುದನ್ನು ಇವತ್ತು ಬರೆದುಬಿಡುತ್ತೇನೆ.

ಆಂಧ್ರದ ಆದವಾನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅಪ್ಪನ ತಗಡಿನ ಅಂಗಡಿ ಇತ್ತು. ಅಂಗಡಿಯ ಹಿಂದೆಯೇ ಮನೆ. ಅಪ್ಪ ಟ್ರಂಕು, ಡಬ್ಬಿ, ಮೊರ, ಕೊಳಗ ಎಲ್ಲ ಮಾಡುತ್ತಿದ್ದ. ಬೆಳಗಿನಿಂದ ಸಂಜೆಯವರೆಗೂ ಮರದ ಸುತ್ತಿಗೆಯ ಟಕ್ ಟಕ್. ಮಾರ್ಕೆಟ್ಟಿನ ಕಡೆಯಿಂದ ಹತ್ತಿಯ ಎಳೆಗಳು ಹಾರಿ ಬಂದು ಬೆಸುಗೆಯ ಕೆಂಡಕ್ಕೆ ಬೀಳುತ್ತಿದ್ದವು. ಆ ಸುಟ್ಟ ಹತ್ತಿಯ ವಾಸನೆ ಈಗಲೂ ಮೂಗಿನಲ್ಲಿದೆ.

ಬೇರೆಯವರಿಗೆ ಇಸ್ಪೀಟು, ಬೀಡಿ ಇದ್ದಂತೆ ಅಪ್ಪನಿಗೆ ಡಿಶ್ಶಿನ ಹುಚ್ಚು. ನಮ್ಮೂರ ಟಿವಿಯಲ್ಲಿ ಆಗ ಹಿಂದಿ, ತೆಲುಗು ಬರುತ್ತಿದ್ದವು. ನಾವು ಮನೆಯಲ್ಲಿ ಆಡುವ ಮಾತು ಅದರಲ್ಲಿ ಇರಲಿಲ್ಲ. ಎದುರು ಮನೆಯಲ್ಲಿ ರೇಡಿಯೋ ರಿಪೇರಿ ಮಾಡುವ ಚಾಚಾ ಒಂದು ದಿನ, ಉಪಗ್ರಹದಿಂದ ಕನ್ನಡವೂ ಬರುತ್ತದೆ, ಹಿಡಿಯುವುದಕ್ಕೆ ಒಂದು ಡಿಶ್ ಬೇಕು ಅಷ್ಟೇ ಎಂದ. ಅಪ್ಪ ಸುತ್ತಿಗೆ ಕೆಳಗಿಟ್ಟ.

"ಅಂದ್ರ ನಮ್ಮ ಮಾತು ದಿನಾ ನಮ್ಮ ನೆತ್ತಿ ಮ್ಯಾಲಿಂದನs ಹೊಂಟೈತೇನು, ನಮಗ ಗೊತ್ತಿಲ್ದಂಗ?"

ಹಳೆಯ ಅಲ್ಯೂಮಿನಿಯಂ ತಗಡುಗಳನ್ನು ಕತ್ತರಿಸಿ, ಹೂವಿನ ದಳಗಳ ಹಾಗೆ ಹನ್ನೆರಡು ತುಂಡು ಮಾಡಿ, ಒಂದೊಂದನ್ನೂ ಬಡಿದು ಬಗ್ಗಿಸಿ ಅಪ್ಪ ಜೋಡಿಸಿದ. ಕೇಬಲ್ಲಿನವರ ಡಿಶ್ ಆನೆಯಷ್ಟಿದ್ದರೆ ನಮ್ಮದು ಒಂದಾಳು ಅಗಲ. ನಡುವೆ ಮೂರು ಸಲಾಕೆ ನೆಟ್ಟು, ಅವುಗಳ ತುದಿಯಲ್ಲಿ ಪ್ಲಾಸ್ಟಿಕ್ ಮುಚ್ಚಳದ ಒಂದು ಪುಟ್ಟ ಡಬ್ಬಿ ಕಟ್ಟಿದ್ದ. ಡಿಶ್ಶಿಗೆ ಬಿದ್ದದ್ದೆಲ್ಲ ಒಟ್ಟಾಗಿ ಆ ಡಬ್ಬಿಗೇ ಹೋಗುತ್ತದೆ. ಅದಕ್ಕೆ ಚಾಚಾ ಏನೋ ಇಂಗ್ಲಿಷ್ ಅಕ್ಷರಗಳ ಹೆಸರು ಹೇಳುತ್ತಿದ್ದ. ನಾವು ಮೂತಿ ಎನ್ನುತ್ತಿದ್ದೆವು. ಡಿಶ್ಶಿನ ಒಳಮೈಗೆ ಮಂಕು ಬಣ್ಣ ಬಳಿ ಎಂದು ಚಾಚಾ ಹೇಳಿದ್ದ. ಮೊದಲು ಚಿತ್ರ ಬರಲಿ, ಬಣ್ಣ ಆಮೇಲೆ ಎಂದು ಅಪ್ಪ ಮುಂದೂಡಿದ್ದ.

ಚಿತ್ರವೇನೋ ಬರುತ್ತಿತ್ತು, ಆದರೆ ಮೇಲೆಲ್ಲ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಬರುವ ಭಾನುವಾರ ಓಣಿಗೆಲ್ಲ ಕನ್ನಡ ತೋರಿಸುತ್ತೇನೆ ಎಂದು ಅಪ್ಪ ಎಲ್ಲರಿಗೂ ಹೇಳಿಬಿಟ್ಟಿದ್ದ. ಆ ಚುಕ್ಕೆ ಹೋಗದಿದ್ದರೆ ಅಪ್ಪನ ಮಾನ ಹೋಗುತ್ತದೆ ಅನ್ನುವುದೇ ನನ್ನ ಚಿಂತೆ.

ಆ ಭಾನುವಾರ ಬೆಳಿಗ್ಗೆ ಅಕ್ಕ ಹಬ್ಬಕ್ಕೆಂದು ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ಬೆಳಗುತ್ತಿದ್ದಳು. ಹುಣಸೆಹಣ್ಣು ಮತ್ತು ನುಣ್ಣನೆಯ ಮರಳು. ಕಪ್ಪಾಗಿದ್ದ ತಂಬಿಗೆ ಅವಳ ಕೈಯಲ್ಲಿ ಎರಡು ಸುತ್ತು ತಿರುಗಿದರೆ ಮುಖ ಕಾಣುವಂತಾಗುತ್ತಿತ್ತು.

"ಲೇ ತಮ್ಮ, ಏನ್ ಬಾಯಿ ತಕ್ಕೊಂಡು ನಿಂತಿ? ಮ್ಯಾಲಿನ ಆ ದೊಡ್ಡ ಬಾಣಲಿನೂ ತಾ, ತಿಕ್ಕಿ ಕೊಡ್ತೀನಿ" ಎಂದು ನಕ್ಕಳು.

ಡಿಶ್ಶನ್ನು ಬಾಣಲಿ ಎಂದು ಅವಳು ಹೇಳಿದ್ದು ತಮಾಷೆಗೆ. ನನಗೆ ಅದು ತಲೆಯಲ್ಲಿ ಕೂತಿತು. ಪಾತ್ರೆ ಬೆಳಗಿದರೆ ಮುಖ ಸ್ಪಷ್ಟವಾಗಿ ಕಾಣುತ್ತದೆ, ಹಾಗಾದರೆ ಡಿಶ್ ಬೆಳಗಿದರೆ ಚಿತ್ರವೂ ಸ್ಪಷ್ಟವಾಗಬೇಕಲ್ಲವೇ? ತಗಡಿನವರ ಮನೆಯ ಹುಡುಗನಿಗೆ ಬರುವ ಬುದ್ಧಿ ಅದು. ಒಂದು ಉಂಡೆ ಹುಣಸೆಹಣ್ಣು ಎತ್ತಿಕೊಂಡು ಮಾಳಿಗೆ ಹತ್ತಿದೆ. ಅಪ್ಪ ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ಹನ್ನೆರಡು ದಳವನ್ನೂ ತಿಕ್ಕಿ ತೊಳೆದೆ. ಅಂಗೈ ಉರಿಯುತ್ತಿತ್ತು, ಉಗುರೆಲ್ಲ ಕಪ್ಪು. ಡಿಶ್ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಅಪ್ಪ ಬಂದವನು ಕಣ್ಣಿಗೆ ಕೈ ಅಡ್ಡ ಹಿಡಿದ. ಬೈಯುತ್ತಾನೆ ಅಂದುಕೊಂಡೆ.

"ಏನಲೇ ಇದು, ಮದುವಿ ಮದಲಿಂಗನ್ನ ಮಾಡೀಯಲ್ಲೋ ಇದನ್ನ!" ಎಂದು ನನ್ನ ತಲೆ ಸವರಿದ. "ಇರ್ಲಿ ಬಿಡು. ತಗಡು ಅಂದಮ್ಯಾಲ ಹೊಳೀಬೇಕು."

ಹತ್ತು ಗಂಟೆಗೆ ಶುರು ಮಾಡಿದೆವು. ಮಾಳಿಗೆಯ ಮೇಲೆ ಅಪ್ಪ, ಮೆಟ್ಟಿಲ ಮೇಲೆ ಅಕ್ಕ, ಕೆಳಗೆ ಟಿವಿಯ ಮುಂದೆ ನಾನು. ಅಪ್ಪ ಒಂದು ಬೆರಳಷ್ಟು ಡಿಶ್ ತಿರುಗಿಸುವುದು, ನಾನು ಕೂಗುವುದು, ಅಕ್ಕ ಅದನ್ನು ಮೇಲಕ್ಕೆ ದಾಟಿಸುವುದು.

"ಬಂತೇನಲೇ?"

"ಹೋತಪ್ಪೋ!"

"ಈಗ?"

ಆಗ ಬಂತು. ಒಂದು ಚುಕ್ಕೆಯೂ ಇಲ್ಲದೆ ಬಂತು. ಸೀರೆ ಉಟ್ಟ ಒಬ್ಬ ಹೆಂಗಸು ಕನ್ನಡದಲ್ಲಿ ಅಡುಗೆ ಹೇಳಿಕೊಡುತ್ತಿದ್ದಳು. ಓಣಿಯ ಜನ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಅವ್ವ ಸೆರಗಿನಿಂದ ಟಿವಿಯ ಗಾಜು ಒರೆಸಿದಳು. ಅಪ್ಪ ಕೆಳಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟ. ನನ್ನ ಹುಣಸೆಹಣ್ಣಿನಿಂದಲೇ ಇದೆಲ್ಲ ಎಂದು ನಾನು ಒಳಗೊಳಗೇ ಉಬ್ಬಿದ್ದೆ.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಚಿತ್ರದ ಮೇಲೆ ಮತ್ತೆ ಅಕ್ಕಿ ಚೆಲ್ಲಿತು. ಆಮೇಲೆ ಪೂರಾ ಹೋಯಿತು. ಅಪ್ಪ ಮೆಟ್ಟಿಲು ಹತ್ತಿ ಓಡಿದ. ಹಿಂದೆ ಅಕ್ಕ. ನಾನು ಕೆಳಗಿನಿಂದ "ಇನ್ನೂ ಇಲ್ಲಪ್ಪೋ!" ಎಂದು ಕೂಗುತ್ತಲೇ ಇದ್ದೆ. ಪ್ಲಾಸ್ಟಿಕ್ ಸುಟ್ಟ ಕಮಟು ಬಂತು. ಅದರ ಹಿಂದೆಯೇ ಅಕ್ಕನ ಕೂಗು.

ಅಪ್ಪ ಮೇಲೆ ಹೋದಾಗ ಮೂತಿಯಿಂದ ಹೊಗೆ ಏಳುತ್ತಿತ್ತಂತೆ. ಅದನ್ನು ಉಳಿಸಿಕೊಳ್ಳಬೇಕೆಂದು ಅಪ್ಪ ಬಲಗೈ ಹಾಕಿ ಹಿಡಿದ. ಮುಚ್ಚಳ ಬೆಲ್ಲದ ಪಾಕದ ಹಾಗೆ ಕರಗಿತ್ತು. ಅದು ಅಪ್ಪನ ಅಂಗೈಗೂ ಬೆರಳುಗಳಿಗೂ ಮೆತ್ತಿಕೊಂಡಿತು, ಬಿಡಲಿಲ್ಲ. ಅವ್ವ ಆ ಕೈಯನ್ನು ಬಿಂದಿಗೆಯ ನೀರು ಸುರಿದ ಬೋಗುಣಿಯಲ್ಲಿ ಅದ್ದಿ ಹಿಡಿದಾಗ ನಾನು ನೋಡಿದೆ. ಅಪ್ಪ ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಟಿವಿಯ ಕಡೆಗೇ ನೋಡುತ್ತಿದ್ದ.

ಆಸ್ಪತ್ರೆಯ ಬೆಂಚಿನ ಮೇಲೆ ಚಾಚಾ ಕಾರಣ ಬಿಡಿಸಿ ಹೇಳಿದ. ವರ್ಷಕ್ಕೆರಡು ಸಲ, ಕೆಲವು ದಿನ, ಸೂರ್ಯ ನೇರ ಉಪಗ್ರಹದ ಹಿಂದೆಯೇ ಬಂದು ನಿಲ್ಲುತ್ತಾನೆ. ಆಗ ಡಿಶ್ಶಿನ ಒಳಗೆ ಬಿದ್ದ ಬಿಸಿಲೆಲ್ಲ ಒಟ್ಟಾಗಿ ಮೂತಿಗೇ ಹೋಗುತ್ತದೆ. ಮಂಕು ತಗಡಾಗಿದ್ದರೆ ಚಿತ್ರ ಮಾತ್ರ ಹತ್ತು ನಿಮಿಷ ಕೆಡುತ್ತಿತ್ತು. ಕನ್ನಡಿಯಾಗಿದ್ದಕ್ಕೆ ಬೆಂಕಿಯಾಯಿತು.

"ಬಣ್ಣ ಬಳಿ ಅಂದಿದ್ನಲ್ಲ ಭಾಯ್! ಅದಕ್ಕ ಆ ಪರಿ ಹೊಳಪು ತಂದವರ್ಯಾರು?" ಎಂದು ಚಾಚಾ ರೇಗಿದ.

ನಾನು ಅಲ್ಲೇ ಅಕ್ಕನ ಕೈ ಹಿಡಿದು ನಿಂತಿದ್ದೆ. ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡದೆ ಹೇಳಿದ: "ನಾನs, ಭಾಯಿ. ತಗಡಿನ ಕೆಲಸದವನು, ಕೈ ಸುಮ್ನಿರ್ತೈತೇನು?"

"ಅಕಲ್, ಬುದ್ಧಿ ಬೇಡೇನಯ್ಯಾ ನಿನಗ!" ಎಂದ ಚಾಚಾ. ಅಪ್ಪ ತಲೆ ಬಗ್ಗಿಸಿ ಅದನ್ನೂ ಕೇಳಿಸಿಕೊಂಡ. ನಾನು ತೆರೆದ ಬಾಯಿ ಮುಚ್ಚಿದೆ.

ಅಕ್ಕ ನನ್ನ ಕೈ ಬಿಡಲಿಲ್ಲ. ಅವಳಿಗೆ ಗೊತ್ತಿತ್ತು. ಅವಳೂ ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಗಾಯ ಮಾಯುತ್ತ ಅಪ್ಪನ ಮೂರು ಬೆರಳು ಅಂಗೈ ಕಡೆಗೆ ಮಡಚಿಕೊಂಡವು, ಮತ್ತೆ ಬಿಚ್ಚಿಕೊಳ್ಳಲೇ ಇಲ್ಲ. ಕೈ ಸುಟ್ಟ ಮರುದಿನ ಬೆಳಿಗ್ಗೆಯೇ ನಾನು ಶಾಲೆಯ ಚೀಲ ಹಾಕಿಕೊಂಡು ಹೊರಟವನು ಅಂಗಡಿಯಲ್ಲೇ ನಿಂತೆ. ಹಬ್ಬಕ್ಕೆ ಒಪ್ಪಿಕೊಂಡ ಟ್ರಂಕುಗಳು ಅರ್ಧಕ್ಕೆ ನಿಂತಿದ್ದವು.

"ಪರೀಕ್ಷೆ ಮುಗಿಸ್ಕೊಂಡು ಬಾರಲೇ" ಎಂದ ಅಪ್ಪ.

"ಮುಂದಿನ ವರ್ಷ ಬರೀತೀನಪ್ಪ" ಎಂದು ಕತ್ತರಿ ಕೈಗೆತ್ತಿಕೊಂಡೆ. ಬಹಳ ಭಾರ ಇತ್ತು. ಅಪ್ಪ ಎಡಗೈಯಿಂದ ಗೆರೆ ತೋರಿಸಿದ, ನಾನು ಕತ್ತರಿಸಿದೆ. ಮೊದಲು ಕತ್ತರಿಸಿದ್ದು ಆ ಡಿಶ್ಶನ್ನೇ. ಹನ್ನೆರಡು ದಳದಿಂದ ಆರು ಮೊರ ಆದವು, ಎಲ್ಲವೂ ಸೊಟ್ಟ. ಅಪ್ಪ ಒಂದರಲ್ಲೂ ಕೊಂಕು ತೆಗೆಯಲಿಲ್ಲ.

ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಅಂಗಡಿಯಲ್ಲಿ ಎದುರುಬದುರು ಕೂತು ಕೆಲಸ ಮಾಡಿದೆವು. ಆ ಭಾನುವಾರದ ಮಾತು ಅಪ್ಪ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಾಳೆ ಹೇಳೋಣ, ಹಬ್ಬ ಮುಗಿಯಲಿ ಹೇಳೋಣ ಅನ್ನುತ್ತಿರುವಾಗಲೇ ಒಂದು ದಿನ ಅಪ್ಪ ಇಲ್ಲವಾದ.

ಈಗ ನಮ್ಮ ಮಾಳಿಗೆಯ ಮೇಲೆ ಜೋಳದ ರೊಟ್ಟಿಯ ಹಂಚಿಗಿಂತ ಸ್ವಲ್ಪ ದೊಡ್ಡದಾದ ಡಿಶ್ ಇದೆ. ಅದನ್ನು ಯಾರೋ ಬಂದು ಅರ್ಧ ಗಂಟೆಯಲ್ಲಿ ಕೂರಿಸಿ ಹೋದರು. ಮಳೆ ಬಂದು ಎರಡು ನಿಮಿಷ ಚಿತ್ರ ನಿಂತರೆ ನೀವು ಮುಖ ಸಿಂಡರಿಸಿ ಫೋನ್ ಹಿಡಿಯುತ್ತೀರಿ. ಕನ್ನಡ ಬೇಕೆಂದರೆ ಕನ್ನಡ, ತೆಲುಗು ಬೇಕೆಂದರೆ ತೆಲುಗು. ಅದು ಎಲ್ಲಿಂದ ಬರುತ್ತದೆ ಎಂದು ನೀವು ತಲೆ ಎತ್ತಿ ನೋಡುವುದಿಲ್ಲ. ನೋಡಬೇಕೆಂದು ನಾನೂ ಹೇಳುವುದಿಲ್ಲ. ಒಂದು ಗುಂಡಿ ಒತ್ತಿದರೆ ಬರುವುದಕ್ಕೆ ಯಾರ ಕೈಯೂ ಸುಡದಿದ್ದರೆ ಅದೇ ಒಳ್ಳೆಯದು.

ನಾನು ಯಾರ ಮುಂದೆಯೂ ತಲೆ ತಗ್ಗಿಸದೆ ದುಡಿದಿದ್ದೇನೆ, ಅದರ ಹೆಮ್ಮೆ ಇದೆ. ನನ್ನ ಹತ್ತಿರ ಈಗ ಇರುವುದು ಇಷ್ಟು: ಒಂದು ಅಂಗಡಿ, ಮೂರು ಮರದ ಸುತ್ತಿಗೆ, ಎರಡು ಕತ್ತರಿ, ಒಬ್ಬಳು ಮಗಳು, ಇಬ್ಬರು ಮೊಮ್ಮಕ್ಕಳು, ಅಕ್ಕನ ಕಡೆಯಿಂದ ತಾತ ಎನ್ನುವವರು ಇನ್ನೂ ನಾಲ್ಕು ಮಂದಿ. ಶಾಲೆಯ ಸರ್ಟಿಫಿಕೇಟು ಒಂದೂ ಇಲ್ಲ. ಬೆರಳು ಹತ್ತು, ಹತ್ತೂ ನೆಟ್ಟಗೆ ಬಿಚ್ಚಿಕೊಳ್ಳುತ್ತವೆ.