ಯಾರ ಬಳಿಯೂ ಇಲ್ಲದ ನೂರ ಹದಿನಾಲ್ಕು ಗೇಜು

೧೯೮೬ರ ಜೂನ್ ೯, ಸೋಮವಾರ, ಬೆಳಗ್ಗೆ ಹತ್ತೂಕಾಲು. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಅಕ್ಕಪಕ್ಕದ ಮೂರು ವರ್ಕ್‌ಶಾಪುಗಳ ಯಜಮಾನರು ಸೇರಿ ಕೊಂಡಿದ್ದ ಒಂದೇ ಕಂಪ್ಯೂಟರಿನ ಮುಂದೆ ನಾನು ಕೂತೆ. ಕೊರೆದ ತೂತು ಸರಿಯಿದೆಯೇ ಎಂದು ನೋಡುವ ಗೇಜುಗಳು ಯಾರ ಶೆಡ್ಡಿನಲ್ಲಿ ಯಾವ್ಯಾವ ಅಳತೆಯವು ಇವೆ ಎಂಬ ಪಟ್ಟಿಯನ್ನು ಅದರೊಳಗೆ ಸೇರಿಸಬೇಕಿತ್ತು. ಅವಸರಕ್ಕೆ ಒಬ್ಬರಿಂದೊಬ್ಬರು ಎರವಲು ಪಡೆಯಲಿ ಎಂದು. ಪಟ್ಟಿ ಜೂನ್ ಮುಗಿಯುವುದರೊಳಗೆ ಉಪಯೋಗಕ್ಕೆ ಬಂದರೆ ನನ್ನ ಕೆಲಸ ಖಾಯಂ, ಇಲ್ಲದಿದ್ದರೆ ಮನೆ.

ಮೂವರೂ ಪಟ್ಟಿ ಕೊಟ್ಟರು. ನಲವತ್ತೊಂದು, ಮೂವತ್ತೆಂಟು, ಮೂವತ್ತೈದು. ಒಟ್ಟು ನೂರ ಹದಿನಾಲ್ಕು. ಎರಡು ಸಲ ಎಣಿಸಿ, ಒಂಬತ್ತು ದಿನ ಕುಟ್ಟಿದೆ.

ಜೂನ್ ೨೦ರಂದು ನಡುವಿನ ಶೆಡ್ಡಿನ ಯಜಮಾನರಿಗೆ ಹೊಸ ಆರ್ಡರಿಗಾಗಿ ಇಪ್ಪತ್ತು ಮಿಲಿಮೀಟರಿನ ಗೇಜು ಬೇಕಾಯಿತು. ಎಡಗಡೆ ಶೆಡ್ಡಿನಲ್ಲಿದೆ ಎಂದಿತು ಕಂಪ್ಯೂಟರು. ಹೆಮ್ಮೆಯಿಂದ ಹೋಗಿ ಕೇಳಿದೆ.

"ನನ್ ಹತ್ರ ಎಲ್ಲಿದೆ ಗುರು?" ಎಂದರು ಅಲ್ಲಿನ ಯಜಮಾನರು.

"ನೀವೇ ಬರ್ಕೊಟ್ಟಿದ್ರಲ್ಲ ಸಾರ್."

"ಅದು ಬೇಕು ಅಂತ ಬರ್ದಿದ್ದು ಕಣಯ್ಯಾ! ಇರೋದನ್ನ ಬರೆದ್ರೆ ಇವ್ರಿಬ್ರೂ ನಾಳೆಯಿಂದ ನನ್ನ ಬಾಗ್ಲಲ್ಲೇ ನಿಂತಿರ್ತಾರೆ."

ಉಳಿದಿಬ್ಬರನ್ನು ವಿಚಾರಿಸಿದೆ. ಅವರೂ ಹಾಗೆಯೇ ಬರೆದಿದ್ದರು. ಒಂದು ಚಹಾಕ್ಕೂ ಒಟ್ಟಿಗೆ ಕೂರದ ಮೂವರು ಈ ವಿಷಯದಲ್ಲಿ ಮಾತ್ರ ಒಂದೇ ಮನಸ್ಸಿನವರಾಗಿದ್ದರು.

"ನಿನ್ ಡಬ್ಬ ನಮ್ಮ ಆಸೆಗಳನ್ನೆಲ್ಲ ಚೆನ್ನಾಗಿ ಜೋಡ್ಸಿಟ್ಟಿದೆ ಬಿಡಪ್ಪಾ," ಎಂದರು ನಡುವಿನವರು. "ತಿಂಗಳು ಮುಗೀಲಿ, ನೋಡೋಣ." ಭಾನುವಾರಗಳನ್ನು ಕಳೆದರೆ ಉಳಿದದ್ದು ಎಂಟು ದಿನ ಎಂದು ಡೈರಿಯಲ್ಲಿ ಬರೆದುಕೊಂಡೆ.

ಜೂನ್ ೨೩ರ ಬೆಳಗ್ಗೆ ಕೀಬೋರ್ಡಿನ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದ ಹಾಳೆಯೊಂದಿತ್ತು. ಇಪ್ಪತ್ತಾರು ಗೇಜು, ಮೂರೂ ಶೆಡ್ಡಿನವು, ಬೀರುವಿನ ಗುರುತಿನ ಸಮೇತ. ಇಪ್ಪತ್ತು ಮಿಲಿಮೀಟರಿನದು 'ಬಲಗಡೆ ಶೆಡ್ಡು, ಹಿಂದಿನ ಬೀರು, ಎಣ್ಣೆಬಟ್ಟೆಯ ಕೆಳಗೆ.' ನಡುವಿನ ಯಜಮಾನರನ್ನು ಕರೆದುಕೊಂಡು ಹೋದೆ. ಬಟ್ಟೆ ಎತ್ತಿದಾಗ ಬಲಗಡೆಯವರು ನಮಗಿಂತ ಹೆಚ್ಚು ಬೆರಗಾದರು: "ಅರೆ, ಇದು ಇಲ್ಲೇ ಇತ್ತಾ!"

ಆರ್ಡರಿನ ಮಾಲು ಸಮಯಕ್ಕೆ ಹೋಯಿತು, ನಾನು ಉಳಿದೆ. ನೂರ ಹದಿನಾಲ್ಕನ್ನು ಅಳಿಸಿ ಇಪ್ಪತ್ತಾರನ್ನು ತುಂಬಿದೆ. ಹಾಳೆಯ ಅಕ್ಷರವನ್ನು ಮೂರೂ ಶೆಡ್ಡುಗಳ ಹಾಜರಿ ಪುಸ್ತಕಗಳ ಹತ್ತೊಂಬತ್ತು ಕೆಲಸಗಾರರ ರುಜುಗಳ ಪಕ್ಕದಲ್ಲಿಟ್ಟು ನೋಡಿದೆ. ಒಂದೂ ಹೊಂದಲಿಲ್ಲ. ಆ ಶೆಡ್ಡುಗಳಲ್ಲಿ ಆಗ ದುಡಿದವರು ಇದನ್ನು ಓದಿದರೆ, ನನ್ನ ಕೆಲಸ ಉಳಿಸಿದವರು ಯಾರೆಂದು ದಯವಿಟ್ಟು ಒಂದು ಕಾರ್ಡು ಬರೆಯಿರಿ. ಆ ಇಪ್ಪತ್ತಾರರಲ್ಲಿ ಎರಡು ಗೇಜು ಇನ್ನೂ ಸಿಕ್ಕಿಲ್ಲ. ಅವು ಎಲ್ಲಿವೆ ಎಂದು ಗೊತ್ತಿದ್ದರೆ ಅದನ್ನೂ ತಿಳಿಸಿ.