ಅರಾಮ ಎನ್ನುವ ಉಪಚಾರ

ಬುಧವಾರ, ಬೆಳಗಿನ ಹನ್ನೊಂದು ಗಂಟೆ, ಹುಬ್ಬಳ್ಳಿಯ ಒಂದು ಆಸ್ಪತ್ರೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಶಾಂತಾ ಮತ್ತು ಅವಳಿಗೆ ವ್ಯಾಯಾಮ ಮಾಡಿಸುವ ಸವಣೂರಿನ ಹುಡುಗಿ ತಬಸ್ಸುಮ್.

ನಮ್ಮ ಶಿಗ್ಗಾಂವಿಯ ಕಡೆ 'ಅರಾಮದೀರೇನ್ರಿ?' ಎಂದು ಕೇಳಿದರೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವನೂ 'ಅರಾಮ್ರಿ' ಎನ್ನುತ್ತಾನೆ. ಅದನ್ನು ಸುಳ್ಳೆಂದು ಯಾರೂ ಎಣಿಸುವುದಿಲ್ಲ; ಬಂದವರಿಗೆ ಚಹಾ ಕೊಟ್ಟಂತೆ ಅದೊಂದು ಉಪಚಾರ. ಈ ಉಪಚಾರದಲ್ಲಿ ಶಾಂತಾಳನ್ನು ಮೀರಿಸುವವರನ್ನು ನಾನು ಕಂಡಿಲ್ಲ.

ಅವಳ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯದ ಮೇಲೆ ಭಾರ ಬಿದ್ದಿದೆ. ಔಷಧದ ಜೊತೆ ವ್ಯಾಯಾಮವೂ ಬೇಕು, ಆದರೆ ಅದು ತಿಳಿದವರ ಕಣ್ಣೆದುರೇ ಆಗಬೇಕೆಂದು ಡಾಕ್ಟರರ ಅಪ್ಪಣೆ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಎಂದು ವಿಚಾರಿಸಿದ್ದೇ ಬಂತು, ಅಂಥವರು ಸಿಗಲಿಲ್ಲ. ವ್ಯಾಯಾಮದ ಮಾಸ್ತರನಾಗಿ ಸೀಟಿ ಊದಿ ಊರ ಮಕ್ಕಳನ್ನೆಲ್ಲ ಓಡಿಸಿದ ನಾನು, ಮನೆಯವಳನ್ನು ನಾಲ್ಕು ಹೆಜ್ಜೆ ನಡೆಸಲು ಹುಬ್ಬಳ್ಳಿಯ ಬಸ್ಸು ಹಿಡಿಯಬೇಕಾಯಿತು. ಅಲ್ಲಿ ಗಳಿಸಿದ ತ್ರಾಣವನ್ನೆಲ್ಲ ಬಸ್ಸಿನ ನೂಕುನುಗ್ಗಲು ಕಿತ್ತುಕೊಳ್ಳುತ್ತಿತ್ತು. 'ಇವತ್ತಿಂದು ಕಡೀದ್ರಿ. ಇನ್ನ ಬಸ್ಸು ಹತ್ತಂಗಿಲ್ಲ' ಎಂದು ಶಾಂತಾ ಹೊರಡುವಾಗಲೇ ಹೇಳಿದ್ದಳು.

ಉಳಿದ ದಾರಿ ಒಂದೇ: ಮನೆಯಲ್ಲಿ, ಮೊಬೈಲಿನ ವಿಡಿಯೋದಲ್ಲಿ ತಬಸ್ಸುಮ್ ನೋಡುತ್ತಿರುವಾಗ ವ್ಯಾಯಾಮ. ಅದಕ್ಕೆ ಅವಳದು ಒಂದೇ ಷರತ್ತು. ದಮ್ಮು ಹತ್ತಿದರೆ, ತಲೆ ತಿರುಗಿದರೆ ಶಾಂತಾಳೇ ಬಾಯಿಬಿಟ್ಟು ಹೇಳಿ ನಿಲ್ಲಬೇಕು. ಇವತ್ತಿನ ನಡಿಗೆ ಅದರದೇ ಪರೀಕ್ಷೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಡಿಗೆ ಆರಂಭವಾಯಿತು. ಅರ್ಧಕ್ಕೆ ಬರುವಷ್ಟರಲ್ಲಿ ಶಾಂತಾಳ ತುಟಿ ಕಪ್ಪಿಟ್ಟಿತು.

'ಹೆಂಗದೀರಿ ಅವ್ವಾರ?'

'ಅರಾಮ ಅದೀನವ್ವ,' ಎಂದಳು ಶಾಂತಾ, ಮಾತಿಗೂ ಮಾತಿಗೂ ನಡುವೆ ಏದುತ್ತ.

ತಬಸ್ಸುಮ್ ತಟ್ಟನೆ ತೋಳು ಹಿಡಿದು ಕೂಡಿಸಿದಳು. ಬೆರಳಿಗೆ ಸಿಕ್ಕಿಸಿದ್ದ ಆಮ್ಲಜನಕ ಅಳೆಯುವ ಯಂತ್ರ ನೋಡಿ ಹುಬ್ಬು ಗಂಟಿಕ್ಕಿದಳು. 'ನಾ ಏನ ನಿಮ್ಮ ಬೀಗರೇನ್ರಿ, ನನ್ನ ಮುಂದ ಮರ್ಯಾದಿ ಕಾಯಾಕ? ಹಿಂಗಾದ್ರ ಮನ್ಯಾಗ ಬಿಡಾಕ ಆಗೂದಿಲ್ರಿ ಸರ. ಬಿದ್ದಮ್ಯಾಲ ಮೊಬೈಲ್‌ನ್ಯಾಗಿಂದ ನಾ ಹೆಂಗ ಹಿಡೀಲಿ?'

ಸಾಕಷ್ಟು ವಿಶ್ರಾಂತಿಯಾದ ಮೇಲೆ, ಯಂತ್ರದ ಅಂಕಿ ಸರಿಹೋದ ಮೇಲೆ, ಇನ್ನೊಮ್ಮೆ ನಿಧಾನವಾಗಿ ನಡೆಸಲು ತಬಸ್ಸುಮ್ ಒಪ್ಪಿದಳು. ಮದುವೆಯಾದಂದಿನಿಂದ ಶಾಂತಾಳಿಗೆ ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ರೂಢಿಯಾದ ನನ್ನ ನಾಲಿಗೆ ತುರಿಸುತ್ತಿತ್ತು. ಅವಳ ಉಸಿರಿನ ಸದ್ದು ನನಗೆ ಗೊತ್ತು. ಆದರೆ ನಾನು ಹೇಳಿದರೆ ಪರೀಕ್ಷೆ ಕೆಟ್ಟಂತೆ. ಹಲ್ಲು ಕಚ್ಚಿ ಗೋಡೆಗೆ ಒರಗಿದೆ.

ಈ ಸಲ ಸ್ವಲ್ಪ ದೂರ ನಡೆದವಳು ನಿಂತಳು. ಸೆರಗು ಸರಿಪಡಿಸಿಕೊಂಡಳು. ಉಪಚಾರಕ್ಕೆ ಬಾಯಿ ತೆರೆಯುತ್ತಾಳೆಂದುಕೊಂಡೆ.

'ಆಗವಲ್ದವ್ವ,' ಎಂದಳು. 'ತಲಿ ತಿರಗಾಕತ್ತೇತಿ. ಕುರ್ಚಿ ಕೊಡು.'

'ಪಾಸಾದ್ರಿ ನೋಡ್ರಿ ಅವ್ವಾರ!' ಎಂದು ತಬಸ್ಸುಮ್ ಕುರ್ಚಿ ಎಳೆದಳು. ನಡುವೆ ನಿಂತವರನ್ನು ಪಾಸು ಮಾಡುವ ಪರೀಕ್ಷೆಯನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಶಿಗ್ಗಾಂವಿಗೆ ಬಂದವನೇ ಪಡಸಾಲೆಯ ಚೀಲ, ಚಪ್ಪಲಿ, ಸ್ಟೂಲು ಎಲ್ಲ ತೆಗೆದು ದಾರಿ ಮಾಡಿದೆ. ಎರಡೂ ತುದಿಗೆ ಒಂದೊಂದು ಕುರ್ಚಿ ಇಟ್ಟು, ಮೈದಾನ ಸಜ್ಜಾಯಿತೆಂಬ ಗತ್ತಿನಲ್ಲಿ ಕೈ ಝಾಡಿಸಿಕೊಂಡೆ.

ಶಾಂತಾ ಮಂಚದ ಮೇಲಿಂದಲೇ ನೋಡಿದಳು. 'ನಡುವೂ ಒಂದ ಇಡ್ರಿ,' ಎಂದಳು.

ಇಟ್ಟೆ.